ಸೈಡ್ ವಿಂಗಿನ ಮನೆತನ

ಶಾಲಾ ವಾರ್ಷಿಕೋತ್ಸವಗಳಲ್ಲಿ ಅತಿಥಿಗಳ ಪರಿಚಯ ಮಾಡಿಕೊಡುವ ಮೇಷ್ಟರಿಗೆ ನನ್ನ ವಿಷಯದಲ್ಲಿ ಒಂದು ಅನುಕೂಲವಿದೆ. ಮಕ್ಕಳ ಕಥೆ, ಮಕ್ಕಳ ನಾಟಕ ಬರೆದವರು ಎಂದಷ್ಟೇ ಹೇಳಿದರೆ ಸಭೆ ಅಲುಗುವುದಿಲ್ಲ. ‘ಮೂರು ತಲೆಮಾರಿನ ರಂಗಭೂಮಿ ಮನೆತನದ ಕುಡಿ’ ಎಂದು ಸೇರಿಸಿದರೆ ಮುಂದಿನ ಸಾಲಿನ ಹಿರಿಯರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ಇನ್ನೊಮ್ಮೆ ನೋಡುತ್ತಾರೆ. ಕಾರ್ಯಕ್ರಮ ಮುಗಿದು ಉಪ್ಪಿಟ್ಟು ಕೇಸರಿಬಾತಿನ ತಟ್ಟೆ ಕೈಗೆ ಬರುವಷ್ಟರಲ್ಲಿ ಅವರಲ್ಲೊಬ್ಬರು ಪಕ್ಕಕ್ಕೆ ಬಂದೇ ಬರುತ್ತಾರೆ. ‘ನಿಮ್ಮ ತಾತ ಯಾವ ಪಾರ್ಟು ಮಾಡ್ತಿದ್ರು? ಹರಿಶ್ಚಂದ್ರನೋ, ಕಂಸನೋ?’ ನಾನು, ‘ಎಲ್ಲಾ ಪಾರ್ಟೂ ಅವರದೇ. ಆದ್ರೆ ಯಾರ ಕಣ್ಣಿಗೂ ಬೀಳ್ತಿರಲಿಲ್ಲ’ ಎನ್ನುತ್ತೇನೆ. ಅವರು ಇದನ್ನು ಅಧ್ಯಾತ್ಮವೆಂದು ತಿಳಿದು ಗಂಭೀರವಾಗಿ ತಲೆದೂಗಿ ಕೈ ತೊಳೆಯಲು ಹೋಗುತ್ತಾರೆ.

ತಾತ ಕಂಪನಿ ನಾಟಕದ ಪ್ರಾಂಪ್ಟರ್. ಬಣ್ಣ ಹಚ್ಚಲಿಲ್ಲ, ಕಿರೀಟ ಇಡಲಿಲ್ಲ. ಆಯುಷ್ಯದ ಬಹುಪಾಲು ರಾತ್ರಿಗಳನ್ನು ಸೈಡ್ ವಿಂಗಿನ ಮರೆಯಲ್ಲಿ, ಕೈಯಲ್ಲಿ ನಾಟಕದ ಹಸ್ತಪ್ರತಿ ಹಿಡಿದು ನಿಂತೇ ಕಳೆದರು. ಅವರಿದ್ದ ಕಂಪನಿಯೂ ಅಂಥ ಹೆಸರಾಂತದ್ದಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ವೀರಣ್ಣನವರ ಕಾಲದಲ್ಲಿ ನಿಜವಾದ ಆನೆ ಕುದುರೆಗಳನ್ನೇ ತಂದು ‘ಕುರುಕ್ಷೇತ್ರ’ ಆಡಿ ನಾಡನ್ನೆಲ್ಲ ಬೆರಗುಗೊಳಿಸಿತಲ್ಲ, ತಾತನ ಕಂಪನಿಯ ಆನೆಗೆ ಗೋಣಿಚೀಲದ ಮೈ, ಒಳಗೆ ಇಬ್ಬರು ಮನುಷ್ಯರು. ಮುಂಗಾಲಿನವನಿಗೂ ಹಿಂಗಾಲಿನವನಿಗೂ ಮಾತು ಬಿಟ್ಟಿದ್ದ ದಿನ ಐರಾವತ ಇಂದ್ರನ ಕಡೆಗೆ ಅರ್ಧ, ಪ್ರೇಕ್ಷಕರ ಕಡೆಗೆ ಅರ್ಧ ನಡೆಯುತ್ತಿತ್ತಂತೆ. ಜಾತ್ರೆ ಇದ್ದಲ್ಲಿ ಕ್ಯಾಂಪು, ಮಳೆ ಹಿಡಿದರೆ ಉಪವಾಸ. ಸಂಬಳ ಸಿಗದೆ ನಟನೊಬ್ಬ ರಾತ್ರೋರಾತ್ರಿ ಪೆಟ್ಟಿಗೆ ಹೊತ್ತು ಪರಾರಿಯಾದರೆ, ಮರುದಿನದ ಆಟದಲ್ಲಿ ಮಂತ್ರಿಯನ್ನು ತೀರ್ಥಯಾತ್ರೆಗೆ ಕಳಿಸಿ ಅವನ ಮಾತುಗಳನ್ನು ಸೇನಾಧಿಪತಿಗೆ ಹಂಚುವ ಕೆಲಸವೂ ತಾತನದೇ. ಮನೆತನದ ಮೊದಲ ಸಾಹಿತ್ಯ ಕೃಷಿ ಬಹುಶಃ ಅದೇ ಇರಬೇಕು.

ಪ್ರಾಂಪ್ಟಿಂಗ್ ಎಂದರೆ ಪಿಸುಗುಟ್ಟುವುದು ಎಂದು ಜನ ತಿಳಿದಿದ್ದಾರೆ. ತಾತ ಈ ಮಾತಿಗೆ ಸಿಡುಕುತ್ತಿದ್ದರು. ಪಿಸುಮಾತಿನಲ್ಲಿ ಸಕಾರ ಶಕಾರಗಳು ಚಿಮ್ಮಿ ನೇರ ಮುಂದಿನ ಸಾಲಿಗೆ ಹೋಗಿ ಬೀಳುತ್ತವೆ. ಪ್ರೇಕ್ಷಕನಿಗೆ ಕೇಳುತ್ತದೆ, ನಟನಿಗೆ ಕೇಳುವುದಿಲ್ಲ. ಆದ್ದರಿಂದ ಎದೆಯಿಂದಲೇ ತಗ್ಗಿದ ದನಿಯಲ್ಲಿ, ಮಾತಿನ ಮೊದಲ ಎರಡು ಪದ ಮಾತ್ರ ಕೊಡಬೇಕು. ಅದೂ ನಟ ಉಸಿರೆಳೆದುಕೊಳ್ಳುವ ಹೊತ್ತಿಗೆ ಸರಿಯಾಗಿ. ಮೊದಲೇ ಕೊಟ್ಟರೆ ಅವನಿಗೆ ಅವಮಾನ, ‘ನಂಗೆ ಗೊತ್ತಿಲ್ವೇನ್ರೀ?’ ಎಂದು ಬಣ್ಣದ ಕೋಣೆಯಲ್ಲಿ ಜಗಳ. ತಡವಾದರೆ ಮಾನ ಹೋಯಿತು. ನಟ ಮರೆತಿದ್ದಾನೋ, ಭಾವ ಉಕ್ಕಿ ನಿಂತಿದ್ದಾನೋ ಎಂಬುದನ್ನು ಬೆನ್ನು ನೋಡಿಯೇ ಹೇಳಬಲ್ಲೆ ಎನ್ನುತ್ತಿದ್ದರು ತಾತ. ಮರೆತವನ ಹೆಗಲು ಮೇಲೇರುತ್ತದಂತೆ. ಕಂಸನ ಪಾತ್ರಧಾರಿಗೆ ವರ್ಷಗಟ್ಟಲೆ ಒಂದೇ ಕಡೆ ಮರೆವು. ಆ ಜಾಗ ಬಂದಾಗ ಕತ್ತಿಯ ಹಿಡಿಯನ್ನು ಎರಡು ಸಲ ಬೆರಳಿನಿಂದ ಕುಟ್ಟುತ್ತಿದ್ದ. ಅದು ಕ್ರೌರ್ಯದ ಸಂಕೇತವೆಂದು ಊರಿನವರು ಮೆಚ್ಚಿ, ಅವನು ಕುಟ್ಟಿದಾಗಲೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಚಪ್ಪಾಳೆಯ ಗದ್ದಲದಲ್ಲಿ ಪ್ರಾಂಪ್ಟು ಕೇಳದೆ ಅವನು ಮತ್ತೆ ಕುಟ್ಟುತ್ತಿದ್ದ.

ಸಿನಿಮಾ ಬಂದು ಕಂಪನಿ ಮುಳುಗಿದ ಮೇಲೆ ತಾತ ನಮ್ಮ ಮನೆಯ ಪಡಸಾಲೆಗೆ ಬಂದು ನೆಲೆಸಿದರು. ಕೆಲಸ ಬಿಟ್ಟುಹೋಗಿತ್ತು, ಅಭ್ಯಾಸ ಬಿಡಲಿಲ್ಲ. ಅಮ್ಮ ತಿಂಗಳ ಕೊನೆಯಲ್ಲಿ ಅಪ್ಪನ ಎದುರು ನಿಂತು ‘ಈ ಸಲ ಯಾಕೋ...’ ಎಂದು ತಡವರಿಸಿದರೆ ಮೂಲೆಯಿಂದ ತಗ್ಗಿದ ದನಿ ಬರುತ್ತಿತ್ತು: ‘ಅಕ್ಕಿ ಸಾಲದು.’ ನೆಂಟರು ಹೊರಟು ನಿಂತು, ಏನು ಹೇಳಬೇಕೆಂದು ತೋಚದೆ ಬಾಗಿಲಲ್ಲಿ ನಿಂತಾಗ ‘ಹೋಗಿ ಬರ್ತೀವಿ’ ಎಂಬುದನ್ನು ತಾತನೇ ಎತ್ತಿಕೊಡುತ್ತಿದ್ದರು. ಕೆಲವರಿಗೆ ಇದು ಓಡಿಸುವ ಉಪಾಯದಂತೆ ಕಂಡು ಬೇಸರವಾದದ್ದೂ ಉಂಟು. ಮದುವೆಮನೆಯಲ್ಲಿ ಪುರೋಹಿತರು ಮಂತ್ರದ ನಡುವೆ ಕೆಮ್ಮಿದರೆ ತಾತನ ತುಟಿ ಅಲ್ಲಾಡುತ್ತಿತ್ತು. ಸಂಸ್ಕೃತ ಬಾರದು ಎಂಬುದೊಂದೇ ಅವರನ್ನು ತಡೆಯುತ್ತಿದ್ದದ್ದು.

ಅಪ್ಪ ಮೇಷ್ಟರಾದವರು. ಕಂಪನಿ ಊರೂರು ತಿರುಗುವಾಗ ತಾತ ಗಂಡುಹುಡುಗನ ಓದು ಕೆಡಬಾರದೆಂದು ತುಮಕೂರಿನ ಬಂಧುಗಳ ಮನೆಯಲ್ಲಿ ಬಿಟ್ಟಿದ್ದರಂತೆ. ನಾಟಕದಿಂದ ಹೀಗೆ ದೂರ ಬೆಳೆದ ಅಪ್ಪನ ಮೈಯಲ್ಲೇ ನಾಟಕ ಜಾಸ್ತಿ ಇತ್ತು. ಕಾಫಿ ಬೇಕಾದಾಗ ಆರಾಮ ಕುರ್ಚಿಯಿಂದ ‘ಯಾರಲ್ಲಿ!’ ಎಂದು ಗುಡುಗುತ್ತಿದ್ದರು. ‘ಇಲ್ಲಿ ಯಾರೂ ಇಲ್ಲ, ಒಳಗೆ ಬಂದು ತಗೊಳ್ಳಿ’ ಎಂದು ಅಮ್ಮ. ಮಹಾರಾಜರು ಎದ್ದು ಒಳಗೆ ಹೋಗಿ ತಾವೇ ಲೋಟ ತೊಳೆದುಕೊಳ್ಳುತ್ತಿದ್ದರು.

ಮಗನಿಗೆ ಶಾಲೆ ಸಿಕ್ಕಿತು. ಮಗಳಿಗೆ ಲೋಹಿತಾಶ್ವನ ಪಾತ್ರ ಸಿಕ್ಕಿತು. ನನ್ನ ಸೋದರತ್ತೆಯ ಇಡೀ ಬದುಕನ್ನು ಈ ಒಂದು ಸಾಲಿನಲ್ಲಿ ಹೇಳಿಬಿಡಬಹುದೇನೋ. ಆದರೆ ಅತ್ತೆ ಅಷ್ಟು ಸುಲಭಕ್ಕೆ ಬಿಡುವವರಲ್ಲ.

‘ಸತ್ಯ ಹರಿಶ್ಚಂದ್ರ’ದಲ್ಲಿ ಲೋಹಿತಾಶ್ವನಿಗೆ ಹಾವು ಕಚ್ಚುವುದು ಕಥೆಯ ಕೊನೆಯ ಭಾಗದಲ್ಲಿ. ಕಂಪನಿ ನಾಟಕದ ಕೊನೆಯ ಭಾಗವೆಂದರೆ ಕೋಳಿ ಕೂಗುವುದಕ್ಕೆ ಸ್ವಲ್ಪ ಮುಂಚೆ. ರಾತ್ರಿ ಒಂಬತ್ತಕ್ಕೇ ಸಫೇದ ಬಳಿಸಿಕೊಂಡು ಕೂತ ಆರೇಳು ವರ್ಷದ ಹುಡುಗಿಗೆ ಆ ಹೊತ್ತಿಗೆ ಸಾಯುವುದೆಂದರೆ ಪರಮ ಸುಖ. ಕೆಳಗೆ ಹಾಸಿದ ಜಮಖಾನ, ಗ್ಯಾಸ್‌ಲೈಟಿನ ಬೆಚ್ಚಗಿನ ಗಾಳಿ, ಮೇಲೆ ಚಂದ್ರಮತಿಯ ರಾಗ. ಅತ್ತೆ ಸತ್ತ ಎರಡೇ ನಿಮಿಷಕ್ಕೆ ನಿದ್ದೆ ಹೋಗುತ್ತಿದ್ದರು. ಒಂದು ಊರಿನಲ್ಲಿ ಚಂದ್ರಮತಿ ಮಗನನ್ನು ಎದೆಗವಚಿ ರೋದಿಸುತ್ತಿದ್ದಾಗ ಹೆಣ ಗೊರಕೆ ಹೊಡೆಯಿತು. ಹೆಂಗಸರ ಕಡೆ ಬಿಕ್ಕುತ್ತಿದ್ದವರು ಬಿಕ್ಕನ್ನು ನಿಲ್ಲಿಸಿ ಕಿವಿಗೊಟ್ಟರು. ತಾತ ಸೈಡ್ ವಿಂಗಿನಿಂದ ಅದೇ ತಗ್ಗಿದ ದನಿಯಲ್ಲಿ ‘ಮಗಳೇ, ಉಸಿರು ಬಿಗಿಹಿಡಿ, ಉಸಿರು ಬಿಗಿಹಿಡಿ’ ಎಂದು ಪ್ರಾಂಪ್ಟ್ ಮಾಡಿದರು. ನಿದ್ದೆಗಣ್ಣಿನ ಅತ್ತೆಗೆ ಅಪ್ಪನ ದನಿ ಕೇಳಿತು, ಅರ್ಥವಾಗಲಿಲ್ಲ. ಪ್ರಾಂಪ್ಟು ಬಂದರೆ ಹೇಳಿದ್ದನ್ನು ಗಟ್ಟಿಯಾಗಿ ಒಪ್ಪಿಸಬೇಕು ಎಂಬುದಷ್ಟೇ ಅವರಿಗೆ ರೂಢಿ. ಸತ್ತ ಲೋಹಿತಾಶ್ವ ಕಣ್ಣು ಮುಚ್ಚಿಕೊಂಡೇ, ಸ್ಪಷ್ಟವಾದ ಕಂಪನಿ ಕನ್ನಡದಲ್ಲಿ, ‘ಉಸಿರು ಬಿಗಿಹಿಡಿ!’ ಎಂದ.

ಹೆಣಕ್ಕೂ ಪ್ರಾಂಪ್ಟ್ ಮಾಡಿದವರೆಂಬ ಕೀರ್ತಿ ತಾತನಿಗೆ ಬಂದದ್ದು ಹೀಗೆ. ಆ ಊರಿನ ಜನ ಬೇರೆಯೇ ಅರ್ಥ ಮಾಡಿಕೊಂಡರಂತೆ. ಅಳುತ್ತಿರುವ ತಾಯಿಗೆ ಮಗು ಸತ್ತ ಮೇಲೂ ಧೈರ್ಯ ಹೇಳಿತು ಎಂದು ಮತ್ತಷ್ಟು ಅತ್ತರಂತೆ. ಈ ಕೊನೆಯ ಭಾಗವನ್ನು ಅತ್ತೆ ಸೇರಿಸಿದ್ದಿರಬಹುದು. ಕೇಳಿದರೆ ‘ನೀನಿದ್ಯಾ ಅಲ್ಲಿ?’ ಎನ್ನುತ್ತಿದ್ದರು.

ಕಂಪನಿಗಳಲ್ಲಿ ಬೆಳೆದ ಮಕ್ಕಳ ದೊಡ್ಡ ಕಥೆಗಳು ನಮಗೆ ಗೊತ್ತು. ವೀರಣ್ಣನವರೇ ಬಾಲನಟರಾಗಿ ಸೇರಿದವರು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ ಶಾಲೆ ಬಿಟ್ಟು ಅಪ್ಪನ ಹಿಂದೆ ಗುಬ್ಬಿ ಕಂಪನಿಯಲ್ಲಿ ಚಿಕ್ಕಪುಟ್ಟ ಪಾತ್ರ ಮಾಡಿಕೊಂಡಿದ್ದು, 1954ರಲ್ಲಿ ‘ಬೇಡರ ಕಣ್ಣಪ್ಪ’ದ ಹೊತ್ತಿಗೆ ರಾಜ್‌ಕುಮಾರ್ ಆದರು. ದಕ್ಷಿಣ ಕನ್ನಡದ ಮಂಚಿಯಿಂದ ಬಂದು ಅದೇ ಕಂಪನಿ ಸೇರಿದ ಹುಡುಗನನ್ನು ವೀರಣ್ಣನವರು ಓದಲೆಂದು ಕಾಶಿಗೆ ಕಳಿಸಿದರು, ಆತ ಬಿ.ವಿ. ಕಾರಂತರಾಗಿ ಬಂದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ರಂಗದಿಂದ ರಾಜ್ಯಸಭೆಯವರೆಗೆ ಹೋದರು. ಈ ಹೆಸರುಗಳನ್ನು ನಾನು ಅಭಿಮಾನದಿಂದಲೇ ಹೇಳುತ್ತೇನೆ. ಹೇಳುವಾಗಲೆಲ್ಲ ಮಿಕ್ಕ ಮಕ್ಕಳ ನೆನಪೂ ಬರುತ್ತದೆ. ಲೋಹಿತಾಶ್ವನ ಅಂಗಿ ಬಿಗಿಯಾಗುತ್ತಿದ್ದಂತೆ ಪಾತ್ರವೂ ಹೋಗಿ, ಅಕ್ಷರವೂ ಬಾರದೆ, ‘ನಾಟಕದೋರ ಮನೆ ಹೆಣ್ಣು’ ಎಂದು ಸಂಬಂಧವೂ ಕೂಡಿಬಾರದೆ, ಅಣ್ಣನ ಮನೆಯ ಅಡುಗೆ ಒಲೆಯ ಮುಂದೆ ಕೂತವರು. ಅತ್ತೆಗೆ ಓದಲು ಬರುತ್ತಿರಲಿಲ್ಲ. ಆಡಿದ ಅಷ್ಟೂ ಮಾತುಗಳನ್ನು ಅಪ್ಪನ ಬಾಯಿಂದ ಕೇಳಿಯೇ ಕಲಿತದ್ದು.

ನನಗೆ ಸಾಹಿತ್ಯದ ಅಕ್ಷರಾಭ್ಯಾಸ ಮಾಡಿಸಿದವರು ಅಕ್ಷರ ಬಾರದ ಈ ಅತ್ತೆ. ಅನ್ನಕ್ಕೆ ಇಟ್ಟ ಎಸರು ಕುದಿಯುವ ಹೊತ್ತಿಗೆ ‘ಸದಾರಮೆ’ಯ ಕಳ್ಳ ಬರುತ್ತಿದ್ದ, ಗಂಜಿ ಬಸಿಯುವಾಗ ಹೋಗುತ್ತಿದ್ದ. ಸೌಟು ಕತ್ತಿಯಾಗುತ್ತಿತ್ತು, ಸೆರಗು ರಾಜನ ಉತ್ತರೀಯವಾಗುತ್ತಿತ್ತು. ಎಲ್ಲ ಪಾತ್ರಗಳ ಮಾತೂ ಅವರಿಗೆ ಬಾಯಿಪಾಠ. ಅಮ್ಮ ಮಾತ್ರ ‘ಸಾರು ಸೀಯ್ತಾ ಇದೆ’ ಎಂದು ಆಗಾಗ ಪರದೆ ಇಳಿಸುತ್ತಿದ್ದರು.

ದೊಡ್ಡವನಾಗಿ ನನ್ನ ಮೊದಲ ಮಕ್ಕಳ ಪುಸ್ತಕ ಅಚ್ಚಾಗಿ ಬಂದಾಗ ಅತ್ತೆಯ ಕೈಗಿಟ್ಟೆ. ಅದನ್ನು ಮೂಸಿದರು, ಚಿತ್ರಗಳನ್ನೆಲ್ಲ ನೋಡಿದರು, ನರಿಯ ಬಾಲ ದಪ್ಪವಾಯಿತು ಎಂದರು. ಆಮೇಲೆ ವಾಪಸು ನನ್ನ ಕೈಗೇ ಕೊಟ್ಟು ‘ಓದು’ ಎಂದರು. ಓದಿದೆ. ಬೆಳಗಿನ ಕಾಡು, ಇಬ್ಬನಿ, ಹಕ್ಕಿಗಳ ಇಂಚರ ಎಂದು ಎರಡು ಪುಟ ವರ್ಣನೆ ನಡೆದಿತ್ತು. ಅತ್ತೆ ಕಾಲು ನೀಡಿ ಕುಳಿತು ಕೇಳುತ್ತಿದ್ದರು. ಕೊನೆಗೆ ತಡೆಯಲಾರದೆ ‘ಇವೆಲ್ಲಾ ಸರಿ ಮಗಾ, ಪರದೆ ಯಾವಾಗ ಏಳುತ್ತೆ?’ ಎಂದರು.

ಅಲ್ಲಿಂದ ಮುಂದೆ ನಾನು ಬರೆದ ಯಾವುದೂ ಅತ್ತೆಯ ಕಿವಿ ದಾಟದೆ ಅಚ್ಚಿಗೆ ಹೋಗಲಿಲ್ಲ. ‘ಹುಡುಗ ಒಳಗೆ ಬಂದ ಅಂದೆ. ಎಡಗಡೆಯಿಂದ್ಲೋ ಬಲಗಡೆಯಿಂದ್ಲೋ?’ ಎಂದು ನಿಲ್ಲಿಸುತ್ತಿದ್ದರು. ಕಥೆಗೆ ಅದೆಲ್ಲ ಬೇಡ ಅತ್ತೆ ಎಂದರೆ, ‘ನಿಂಗೇ ಗೊತ್ತಿಲ್ಲ ಅಂದ್ಮೇಲೆ ಅವನು ಎಲ್ಲಿಂದ ಬರ್ತಾನೆ?’ ಎನ್ನುತ್ತಿದ್ದರು. ಉದ್ದದ ವಾಕ್ಯ ಬಂದರೆ ತಾವೇ ಒಂದು ಸಲ ಬಾಯಲ್ಲಿ ಹೇಳಿನೋಡಿ, ಉಸಿರು ಸಾಲದಿದ್ದರೆ ತಲೆ ಆಡಿಸುತ್ತಿದ್ದರು. ಅವರ ಅತಿ ಕಠೋರ ವಿಮರ್ಶೆ ಎಂದರೆ ‘ನೆಲದೋರು ಎದ್ದು ಹೋಗ್ತಾರೆ ಕಣೋ’ ಎಂಬುದು. ನೆಲವೆಂದರೆ ಎಲ್ಲಕ್ಕಿಂತ ಅಗ್ಗದ ಟಿಕೆಟ್ಟು. ಕುರ್ಚಿಯವರು ಬೇಸರವಾದರೂ ಮರ್ಯಾದೆಗೆ ಕೂರುತ್ತಾರೆ, ಬೆಂಚಿನವರು ಆಕಳಿಸಿಕೊಂಡು ಕೂರುತ್ತಾರೆ. ನೆಲದವರು ಮಾತ್ರ ಮುಲಾಜಿಲ್ಲದೆ ಬೀಡಿ ಸೇದಲು ಎದ್ದು ಹೋಗುತ್ತಾರೆ. ಹಿಡಿಸಿದರೆ ಒನ್ಸ್ ಮೋರ್ ಎಂದು ಗಂಟಲು ಹರಿದುಕೊಳ್ಳುವವರೂ ಅವರೇ. ಕಂಪನಿ ನಾಟಕದ ಆ ನೆಲದ ಪ್ರೇಕ್ಷಕ ನಾಡಿನಿಂದ ಮಾಯವಾದ ಎಂದು ಪಂಡಿತರು ಮರುಗುತ್ತಾರೆ. ಮಾಯವಾಗಿಲ್ಲ. ಒಂದನೇ ಕ್ಲಾಸಿನಿಂದ ಐದನೇ ಕ್ಲಾಸಿನವರೆಗೆ ಎಲ್ಲ ಶಾಲೆಗಳಲ್ಲೂ ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ. ಬೀಡಿಯ ಬದಲು ‘ಸಾರ್, ಒಂದಕ್ಕೆ’ ಎಂದು ಕಿರುಬೆರಳು ಎತ್ತುತ್ತಾನೆ, ಅಷ್ಟೆ.

ತಾತನಿಗೆ ಕೊನೆಯ ವರ್ಷ ಪಾರ್ಶ್ವವಾಯು ಬಡಿದು ಮಾತು ಬಿದ್ದುಹೋಯಿತು. ಯೋಚನೆ ಇದೆ, ಪದ ಬಾರದು. ಏನೋ ಹೇಳಲು ಹೊರಟು ಹೆಗಲು ಮೇಲೇರುತ್ತಿತ್ತು. ಅತ್ತೆ ಹಾಸಿಗೆಯ ಪಕ್ಕದಲ್ಲಿ ಕುಳಿತು, ಅವರು ಉಸಿರೆಳೆದುಕೊಳ್ಳುವುದನ್ನೇ ಕಾಯ್ದು, ತಗ್ಗಿದ ದನಿಯಲ್ಲಿ ‘ನೀರು?’ ಎನ್ನುತ್ತಿದ್ದರು. ‘ಕಿಟಕಿ?’ ‘ಅಣ್ಣ ಬಂದ್ನಾ ಅಂತಲಾ?’ ಮೂರನೆಯದು ಸಾಮಾನ್ಯವಾಗಿ ಸರಿಯಾಗಿರುತ್ತಿತ್ತು. ಮೊದಲನೆಯದಕ್ಕೇ ಸರಿ ಹೇಳಿದರೆ ತಾತನ ಮುಖದಲ್ಲಿ ಸಣ್ಣ ಸಿಡುಕು ಕಾಣುತ್ತಿತ್ತು, ತನಗೆ ಗೊತ್ತಿತ್ತು ಎಂಬ ನಟನ ಸಿಡುಕು.

ವೃದ್ಧ ಕಲಾವಿದರಿಗೆ ಸರ್ಕಾರ ಮಾಸಾಶನ ಕೊಡುತ್ತದೆಂದು ಯಾರೋ ಹೇಳಿ, ನಾನು ಅತ್ತೆಯಿಂದ ಅರ್ಜಿ ಹಾಕಿಸಿದೆ. ಕಲಾವಿದೆ ಎಂಬುದಕ್ಕೆ ದಾಖಲೆ ಬೇಕು. ನಮ್ಮಲ್ಲಿ ಉಳಿದಿದ್ದದ್ದು ಒಂದೇ ಹ್ಯಾಂಡ್‌ಬಿಲ್ಲು, ತಾತನ ಟ್ರಂಕಿನ ತಳದಲ್ಲಿ ಹಾಸಿದ್ದು, ಗುಲಾಬಿ ಬಣ್ಣದ್ದು. ಹರಿಶ್ಚಂದ್ರನಿಗೆ ದಪ್ಪ ಅಕ್ಷರ, ಚಂದ್ರಮತಿಗೆ ಅದಕ್ಕಿಂತ ಸಣ್ಣದು, ನಕ್ಷತ್ರಿಕನಿಗೆ ಅದಕ್ಕಿಂತ ಸಣ್ಣದು. ಲೋಹಿತಾಶ್ವನ ಮುಂದೆ ‘ಬಾಲನಟಿ’ ಎಂದಷ್ಟೇ ಇತ್ತು. ಗುಮಾಸ್ತ ಹುಡುಗ, ಒಳ್ಳೆಯವನೇ. ಹ್ಯಾಂಡ್‌ಬಿಲ್ಲನ್ನು ಎರಡೂ ಕಡೆ ತಿರುಗಿಸಿ ನೋಡಿ ‘ಅಜ್ಜೀ, ಇದರಲ್ಲಿ ನಿಮ್ಮ ಹೆಸರೇ ಇಲ್ವಲ್ಲ. ಈ ಪಾರ್ಟು ನೀವೇ ಮಾಡಿದ್ದು ಅನ್ನೋದಕ್ಕೆ ಏನಾದ್ರೂ ಆಧಾರ?’ ಎಂದು ಮೆಲ್ಲಗೆ ಕೇಳಿದ.

ಅತ್ತೆ ಅವನ ಮೇಜು, ಕಡತದ ರಾಶಿ, ನೆಲದ ಅಳತೆ ಎಲ್ಲವನ್ನೂ ಒಮ್ಮೆ ನೋಡಿದರು. ಸೆರಗು ಸಿಕ್ಕಿಸಿಕೊಂಡು ಹೇಳಿದರು: ‘ಬೇಕಾದ್ರೆ ಇಲ್ಲೇ ಸತ್ತು ತೋರಿಸ್ತೀನಿ.’

ಎಂಬತ್ತರ ಹತ್ತಿರದ ಹೆಂಗಸು ಕಚೇರಿಯಲ್ಲಿ ನಿಂತು ಹೀಗೆಂದರೆ ಗುಮಾಸ್ತನ ಎದೆ ಏನಾಗಬೇಕು! ಅವನು ಕುರ್ಚಿ ಬಿಟ್ಟು ಎದ್ದು ನೀರಿನ ಲೋಟ ತಂದ. ಪಕ್ಕದ ಮೇಜಿನವರು ಓಡಿ ಬಂದರು. ಇದು ಆತ್ಮಹತ್ಯೆಯ ಬೆದರಿಕೆಯಲ್ಲ, ಅಭಿನಯದ ಪರೀಕ್ಷೆಗೆ ಒಪ್ಪಿಗೆ ಎಂದು ವಿವರಿಸುವಷ್ಟರಲ್ಲಿ ನನಗೂ ನೀರು ಬೇಕಾಯಿತು. ಕೊನೆಗೆ ಅದೇ ಹುಡುಗ ದಾರಿ ಹುಡುಕಿದ. ಹಿರಿಯ ಕಲಾವಿದರಿಬ್ಬರಿಂದ ಪತ್ರ ತರಿಸಿ ಅರ್ಜಿಗೆ ಲಗತ್ತಿಸಿದ. ಮಾಸಾಶನ ಬಂತು. ಮೊದಲ ತಿಂಗಳ ಹಣದಲ್ಲಿ ಅತ್ತೆ ನನಗೊಂದು ಪೆನ್ನು ಕೊಡಿಸಿ, ‘ವರ್ಣನೆ ಕಮ್ಮಿ ಮಾಡು’ ಎಂದರು. ಆ ಮಾಸಾಶನವನ್ನು ಅವರು ಬಹಳ ತಿಂಗಳು ಪಡೆಯಲಿಲ್ಲ.

ಮಕ್ಕಳಿಗಾಗಿ ನಾಟಕ ಬರೆಯುವುದನ್ನು ನಮ್ಮಲ್ಲಿ ದೊಡ್ಡವರು ಕೀಳೆಂದು ತಿಳಿದಿಲ್ಲ. ಕುವೆಂಪು ‘ಮೋಡಣ್ಣನ ತಮ್ಮ’ ಬರೆದರು. ಬಿ.ವಿ. ಕಾರಂತರು ಟಾಗೋರರ ಗಿಳಿಯ ಕಥೆಯಿಂದ ‘ಪಂಜರ ಶಾಲೆ’ ಕಟ್ಟಿದರು. ಕಂಪನಿಯಲ್ಲಿ ಬೆಳೆದವರಿಗೆ ಪುಸ್ತಕ ತುರುಕಿ ಗಿಳಿಯನ್ನು ಸಾಯಿಸುವ ಕಥೆ ಹಿಡಿಸಿದ್ದು ಸಹಜ. ಆ ಕಾರಂತರು ತಮ್ಮ ಬದುಕನ್ನು ಹೇಳಿ ಬರೆಸಿದ್ದು ‘ಧಾಂ ಧೂಂ ಸುಂಟರಗಾಳಿ’ಯಂಥ ಮಕ್ಕಳ ನಾಟಕ ಬರೆದ ವೈದೇಹಿಯವರಿಂದ. ನಾನು ಆ ಸಾಲಿನವನಲ್ಲ. ಒಂದು ವಾಕ್ಯ ಬರೆದು, ಅದನ್ನು ಯಾವುದೋ ಊರಿನ ಯಾವುದೋ ತಾಯಿ ನಿದ್ದೆ ತೂಗುವ ಮಗುವಿಗೆ ಓದಿ ಹೇಳುವಾಗ ಉಸಿರು ಎಲ್ಲಿ ಎಳೆದುಕೊಳ್ಳುತ್ತಾಳೆ ಎಂದು ಲೆಕ್ಕ ಹಾಕುತ್ತೇನೆ. ಮಾತು ನನ್ನದು, ಬಾಯಿ ಅವಳದು. ಮಗು ಕುತ್ತಿಗೆ ತಬ್ಬುವುದೂ ಅವಳದನ್ನೇ.

ಶಾಲೆಗಳಲ್ಲಿ ನನ್ನ ನಾಟಕ ಆಡಿಸುವಾಗ ನಾನೂ ಸೈಡ್ ವಿಂಗಿನಲ್ಲಿ ನಿಲ್ಲುತ್ತೇನೆ. ತಾತನ ವಿದ್ಯೆ ಮಕ್ಕಳ ಮುಂದೆ ನಡೆಯುವುದಿಲ್ಲ. ಒಂದು ಸಲ ಮೊಲದ ಪಾತ್ರದ ಹುಡುಗಿಯ ಹೆಗಲು ಮೇಲೇರಿದ್ದು ಕಂಡು ಎರಡು ಪದ ಕೊಟ್ಟೆ. ಅವಳು ಪೂರ್ತಿ ನನ್ನ ಕಡೆ ತಿರುಗಿ, ಸಭೆಗೆಲ್ಲ ಕೇಳುವಂತೆ, ‘ನಂಗೊತ್ತು, ಸುಮ್ನಿರಿ!’ ಎಂದಳು. ಚಪ್ಪಾಳೆ ಬಿತ್ತು. ಆಮೇಲೆ ಅವಳಿಗೆ ನಿಜಕ್ಕೂ ಮಾತು ಮರೆತುಹೋಯಿತು.

ತಾತನದು ನಟರು ಸಾಲದ ಕಷ್ಟ, ನನ್ನದು ಹೆಚ್ಚಾದ ಕಷ್ಟ. ಯಾವ ತಾಯಿಗೂ ಬೇಸರವಾಗಬಾರದೆಂದು ಹೆಡ್‌ಮಿಸ್ಸು ಎಲ್ಲ ಮಕ್ಕಳಿಗೂ ಪಾತ್ರ ಇರಲೇಬೇಕೆನ್ನುತ್ತಾರೆ. ನನ್ನ ನಾಟಕಗಳ ಕಾಡು ಹೀಗಾಗಿ ವರ್ಷದಿಂದ ವರ್ಷಕ್ಕೆ ದಟ್ಟವಾಗುತ್ತಿದೆ. ಒಂದು ಶಾಲೆಯವರು ಈ ಸಲ ‘ಮೌಲ್ಯ ಇರೋ ನಾಟಕ ಬೇಕು ಸಾರ್, ಹರಿಶ್ಚಂದ್ರ ಮಾಡಿಸಿ’ ಎಂದರು. ಇಷ್ಟು ವರ್ಷ ಆ ಕಥೆಯನ್ನು ಮುಟ್ಟದೆ ಇದ್ದವನು, ಅದರಲ್ಲೊಂದು ಅನುಕೂಲ ಕಂಡು ಒಪ್ಪಿಕೊಂಡೆ: ಸ್ಮಶಾನದಲ್ಲಿ ದೆವ್ವಗಳಿಗೆ ಮಿತಿಯಿಲ್ಲ, ಎಷ್ಟು ಮಕ್ಕಳು ಮಿಕ್ಕರೂ ಹಿಡಿಯುತ್ತವೆ. ಪಾತ್ರ ಹಂಚುವ ದಿನ ಇಡೀ ನಾಲ್ಕನೇ ಕ್ಲಾಸು ದೆವ್ವವಾಗಲು ಕೈಯೆತ್ತಿತು. ಸತ್ಯ ಹೇಳಲು ಯಾರೂ ಸಿಗಲಿಲ್ಲ. ಹರಿಶ್ಚಂದ್ರನನ್ನು ಚಾಕೊಲೇಟಿನ ಆಸೆ ತೋರಿಸಿ ಒಪ್ಪಿಸಬೇಕಾಯಿತು.

ಕೈಯೆತ್ತದೆ ಹಿಂದಿನ ಬೆಂಚಿನಲ್ಲಿ ಕೂತಿದ್ದ ಒಬ್ಬ ಸಣ್ಣ ಹುಡುಗನಿಗೆ ಲೋಹಿತಾಶ್ವ ಆಗ್ತೀಯಾ ಎಂದು ಕೇಳಿದೆ. ಮಾತು ಜಾಸ್ತಿ ಇದೆಯಾ ಎಂದ. ಕಮ್ಮಿ, ಮುಕ್ಕಾಲು ಪಾಲು ಸತ್ತಿರೋದೇ ಎಂದೆ. ಸ್ವಲ್ಪ ಯೋಚಿಸಿದ.

‘ಎಷ್ಟು ಹೊತ್ತು ಸತ್ತಿರಬೇಕು ಸಾರ್?’

‘ನಿಮ್ಮಮ್ಮನ ಹಾಡು ಮುಗಿಯೋವರೆಗೆ.’

‘ಎಷ್ಟು ಚರಣ?’